ಕಲಾ ಪ್ರಶ್ನೋತ್ತರ: ಪ್ರದರ್ಶನದಿಂದ ಕಲಾವಿದನಿಗೆ ಸಿಗುವುದೇನು?

ಯಾವ ಗ್ಯಾಲರಿಯೊಂದಿಗೂ ಒಪ್ಪಂದವಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುತ್ತಿರುವ ಕಲಾವಿದರಿಂದ ಈ ಬಾರಿ ಪ್ರಶ್ನೆಗಳನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಚಾರದ ಸುತ್ತ ಇದ್ದವು: ಚಿತ್ರಗಳನ್ನು ಮೊಬೈಲಿನಲ್ಲೇ ಜಗತ್ತಿಗೆ ತೋರಿಸಬಹುದಾದ ಈ ಕಾಲದಲ್ಲಿ, ಗೋಡೆಗೆ ತೂಗುಹಾಕಿ ಜನರನ್ನು ಕರೆದು ತೋರಿಸುವ ಅಗತ್ಯವಿದೆಯೇ? ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಬಹಳ ವರ್ಷಗಳಿಂದ ನಿಸರ್ಗಚಿತ್ರಗಳನ್ನು ಬರೆಯುತ್ತಿದ್ದೇನೆ. ಇನ್‌ಸ್ಟಾಗ್ರಾಂನಲ್ಲಿ ಸಾವಿರಾರು ಜನ ನೋಡುತ್ತಾರೆ, ಆಗಾಗ ಒಂದೆರಡು ಚಿತ್ರ ಮಾರಾಟವೂ ಆಗುತ್ತದೆ. ಬೆಂಗಳೂರಿನಲ್ಲಿ ಒಂದು ವಾರ ಪ್ರದರ್ಶನ ಮಾಡಿ ಎಂದು ಗೆಳೆಯರು ಒತ್ತಾಯಿಸುತ್ತಾರೆ. ಬಾಡಿಗೆ, ಚೌಕಟ್ಟು, ಸಾಗಣೆ, ವಾಸ್ತವ್ಯ ಎಲ್ಲ ಸೇರಿದರೆ ತಿಂಗಳ ಸಂಬಳವನ್ನು ಮೀರುತ್ತದೆ. ಇದು ಬೇಕೇ?

ಪ್ರದರ್ಶನ ಬೇಕು ಎಂದೇ ನನ್ನ ಉತ್ತರ. ಆದರೆ ಮೊದಲನೆಯದು ಬೆಂಗಳೂರಿನಲ್ಲೇ ಆಗಬೇಕು, ಒಂದು ವಾರವೇ ನಡೆಯಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಖರ್ಚಿನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಅದು ಏಕೆ ಬೇಕು ಎಂಬುದನ್ನು ಹೇಳಬೇಕು.

ನಾಲ್ಕಡಿ ಅಗಲದ ಕ್ಯಾನ್ವಾಸೂ ಅಂಗೈಯಗಲದ ಕಾಗದವೂ ಫೋನಿನಲ್ಲಿ ಒಂದೇ ಗಾತ್ರವಾಗುತ್ತವೆ. ಬಣ್ಣದ ದಪ್ಪ, ಕುಂಚದ ಗೀರು, ಕಾಗದದ ತರಿ ಎಲ್ಲವೂ ಒಂದು ನುಣುಪಾದ ಗಾಜಿನ ಹಿಂದೆ ಅಡಗಿಬಿಡುತ್ತವೆ. ನಿಸರ್ಗಚಿತ್ರಕಾರರಿಗೆ ಇದರಿಂದಾಗುವ ನಷ್ಟ ಉಳಿದವರಿಗಿಂತ ಹೆಚ್ಚು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮತ್ತೆ ಮತ್ತೆ ಬರೆದ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನು ಎದುರಿಗೆ ನಿಂತು ನೋಡಿದವರಿಗೆ ಇದು ಗೊತ್ತಿರುತ್ತದೆ: ಹತ್ತಿರ ಹೋದರೆ ಅವು ಒತ್ತೊತ್ತಾದ ಬಣ್ಣದ ಸ್ಪರ್ಶಗಳು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮರ, ನೆರಳು, ಬಿಸಿಲು. ಆ ಹಿಂದೆ ಮುಂದೆ ಓಡಾಡುವುದರಲ್ಲೇ ಚಿತ್ರ ತೆರೆದುಕೊಳ್ಳುತ್ತದೆ. ಪರದೆಯಲ್ಲಿ ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಬಹುದು, ನಿಜ. ಆದರೆ ಆಗ ಭಾಗ ಮಾತ್ರ ಕಾಣುತ್ತದೆ, ಇಡಿಯ ಚಿತ್ರ ಕಣ್ಣಿನಿಂದ ಮರೆಯಾಗುತ್ತದೆ.

ಇನ್ನೂ ಹೆಚ್ಚು ಪರಿಚಿತವಾದ ಉದಾಹರಣೆ ಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ನೆನೆಯಿರಿ. ಕ್ಯಾಲೆಂಡರುಗಳಲ್ಲಿ, ಮನೆಗಳ ಪಡಸಾಲೆಯಲ್ಲಿ ಅದರ ನಕಲನ್ನು ನೋಡದ ಕನ್ನಡಿಗರು ಕಡಿಮೆ. ಇಷ್ಟು ನೋಡಿದ ಮೇಲೂ ಬೆಳಕು ತಗ್ಗಿಸಿದ ಕೋಣೆಯಲ್ಲಿ ಮೂಲಚಿತ್ರದ ಮುಂದೆ ಜನ ಗುಂಪುಗೂಡುತ್ತಿದ್ದುದು ಏಕೆ? ಅದು ಜಲವರ್ಣದ ಕೆಲಸ. ದೀಪಕ್ಕೆ ಮರೆಯಾಗಿ ಹಿಡಿದ ಬೆರಳುಗಳ ಸಂದಿಯಿಂದ ಹೊಮ್ಮುವ ಆ ಕೆಂಬೆಳಕಿಗಾಗಿ ಕಲಾವಿದರು ಎಲ್ಲಿ ಬಣ್ಣ ಹಚ್ಚಿದರು, ಎಲ್ಲಿ ಕೈ ತಡೆದರು ಎಂಬುದು ಆ ಕಾಗದದ ಎದುರಿಗೇ ತಿಳಿಯಬೇಕು. ಅಚ್ಚಿನ ನಕಲಿನಲ್ಲಿ ದೀಪದ ಚಿತ್ರವಿದೆ, ಆ ಬೆಳಕಿಲ್ಲ.

ಇದು ನೋಡುಗನ ಕಡೆಯ ಮಾತಾಯಿತು. ಕಲಾವಿದನ ಕಡೆಯಿಂದ ನೋಡಿದರೆ ಪ್ರದರ್ಶನದ ಪ್ರಯೋಜನ ಇನ್ನೂ ಆಳವಾದದ್ದು ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿ ಚಿತ್ರಗಳು ಒಂದರ ಹಿಂದೊಂದು ಗೋಡೆಗೆ ಒರಗಿರುತ್ತವೆ. ಇಪ್ಪತ್ತು ಚಿತ್ರಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಬೆಳಕಿನಲ್ಲಿ, ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವ ಅವಕಾಶ ಸ್ವತಂತ್ರ ಕಲಾವಿದನಿಗೆ ಪ್ರದರ್ಶನದಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಆಗ ದಿಗಂತದ ರೇಖೆ ಎಲ್ಲ ಚಿತ್ರಗಳಲ್ಲೂ ಒಂದೇ ಎತ್ತರದಲ್ಲಿದೆ, ದೂರದ ಗುಡ್ಡಕ್ಕೆ ಪ್ರತಿಸಲವೂ ಅದೇ ನೀಲಿ ಬಂದಿದೆ, ಮೂರು ಚಿತ್ರಗಳಲ್ಲಿ ಮಾತ್ರ ಏನೋ ಹೊಸದು ನಡೆದಿದೆ ಎಂಬುದೆಲ್ಲ ತಾನಾಗಿಯೇ ಎದ್ದು ಕಾಣುತ್ತದೆ. ಒಳ್ಳೆಯ ಗುರುವೊಬ್ಬರು ಹೇಳಬಹುದಾದ ಮಾತನ್ನು ಗೋಡೆಯೇ ಹೇಳುತ್ತದೆ. ಆ ಮೂರು ಚಿತ್ರಗಳು ನಿಮ್ಮ ಮುಂದಿನ ವರ್ಷದ ಕೆಲಸದ ದಾರಿಯನ್ನು ತೋರಿಸಬಹುದು.

ಜೊತೆಗೆ ಜನರನ್ನು ಗಮನಿಸಿ. ಪರಿಚಯ ಹೇಳಿಕೊಳ್ಳದೆ ಒಂದು ಮೂಲೆಯಲ್ಲಿ ಕುಳಿತಿರಿ. ಯಾವ ಚಿತ್ರದ ಮುಂದೆ ಅಪರಿಚಿತರು ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗಿ ಮತ್ತೆ ಹಿಂತಿರುಗಿ ಬಂದು ನೋಡುತ್ತಾರೆ, ಮಕ್ಕಳು ಯಾವುದಕ್ಕೆ ಬೆರಳು ತೋರಿಸುತ್ತಾರೆ ಎಂಬುದನ್ನು ನೋಡಿ. ಪರದೆಯ ಮೇಲಿನ ಮೆಚ್ಚುಗೆಯ ಗುರುತು ಒಬ್ಬರ ಹೆಬ್ಬೆರಳು ಅರೆಕ್ಷಣ ನಿಂತಿತ್ತು ಎಂದಷ್ಟೇ ತಿಳಿಸುತ್ತದೆ. ಅವರ ಕಣ್ಣು ಚಿತ್ರದೊಳಗೆ ಎಲ್ಲಿ ಅಲೆದಾಡಿತು ಎಂಬುದನ್ನು ತಿಳಿಸುವುದಿಲ್ಲ.

ಕೋವಿಡ್ ಕಾಲ ಈ ವಿಷಯದಲ್ಲಿ ನಮಗೆಲ್ಲ ಒಂದು ಪರೀಕ್ಷೆಯನ್ನು ಒಡ್ಡಿತು. 2003ರಲ್ಲಿ ಆರಂಭವಾಗಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯನ್ನು ಇಡೀ ಒಂದು ಭಾನುವಾರ ಚಿತ್ರಗಳಿಂದ ತುಂಬುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ 2021ರ ಜನವರಿಯಲ್ಲಿ ಆನ್‌ಲೈನಿನಲ್ಲಿ ನಡೆಯಿತು. ಆ ಹೊತ್ತಿನಲ್ಲಿ ಅದು ಸರಿಯಾದ ನಿರ್ಧಾರವೇ ಆಗಿತ್ತು. ದೂರದೂರಿನವರು ಮನೆಯಿಂದಲೇ ನೋಡಲು ಸಾಧ್ಯವಾಯಿತು. ಆದರೆ ಅವಕಾಶ ಸಿಕ್ಕ ಕೂಡಲೇ, ಮರುವರ್ಷದ ಮಾರ್ಚ್ ತಿಂಗಳಲ್ಲಿ, ಸಂತೆ ಮತ್ತೆ ರಸ್ತೆಗೇ ಬಂತು. ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವಾದ ಮ್ಯಾಪ್ ಕೂಡ 2020ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲೇ ಬಾಗಿಲು ತೆರೆದಿತ್ತು; ಹಾಗೆಂದು ಅದು ಅಲ್ಲಿಗೇ ನಿಲ್ಲದೆ 2023ರ ಫೆಬ್ರುವರಿಯಲ್ಲಿ ತನ್ನ ಕಟ್ಟಡವನ್ನು ಸಾರ್ವಜನಿಕರಿಗೆ ತೆರೆಯಿತು. ಅಂತರ್ಜಾಲ ಕರೆಯಬಲ್ಲದು, ಕರೆದವರನ್ನು ಚಿತ್ರದ ಮುಂದೆ ನಿಲ್ಲಿಸಲು ಜಾಗವೇ ಬೇಕು.

ಈಗ ಖರ್ಚಿನ ಮಾತು. ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಕೆಲವು ದಿನಕ್ಕಿಷ್ಟು ಎಂದು ಬಾಡಿಗೆ ಪಡೆದು, ಮಾರಾಟದಲ್ಲಿ ಪಾಲು ಕೇಳುವುದಿಲ್ಲ. ಉಳಿದವು ತಾವೇ ಆಯ್ಕೆ ಮಾಡಿ, ಖರ್ಚು ಹೊತ್ತು, ಮಾರಾಟವಾದ ಬೆಲೆಯಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ತೆಗೆದುಕೊಳ್ಳುತ್ತವೆ. ನಿಮ್ಮಂಥವರಿಗೆ ಮೊದಲನೆಯದೇ ಗತಿ, ಅದರಲ್ಲಿ ಇಡೀ ಅಪಾಯ ನಿಮ್ಮದೇ. ಆದ್ದರಿಂದ ಮೊದಲ ಪ್ರದರ್ಶನವನ್ನು ಹಾವೇರಿಯಲ್ಲೋ ಧಾರವಾಡದಲ್ಲೋ ಮಾಡಿ. ಸಾಧ್ಯವಾದರೆ ನಿಮ್ಮ ಕೆಲಸಕ್ಕೆ ಹೊಂದುವ ಇಬ್ಬರು ಮೂವರು ಕಲಾವಿದರನ್ನು ಸೇರಿಸಿಕೊಂಡು ಖರ್ಚನ್ನು ಹಂಚಿಕೊಳ್ಳಿ. ಡಿ. ವಿ. ಹಾಲಭಾವಿಯವರು 1935ರಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ಊರು ಧಾರವಾಡ. ಚಿತ್ರ ನೋಡಬಲ್ಲ ಕಣ್ಣುಗಳು ಅಲ್ಲಿ ತಲೆಮಾರುಗಳಿಂದ ಇವೆ. ಪ್ರದರ್ಶನದ ಆ ಕೆಲವು ದಿನಗಳ ಮಾರಾಟವನ್ನಷ್ಟೇ ಲೆಕ್ಕ ಹಾಕಿ ಸೋತೆ ಗೆದ್ದೆ ಎನ್ನಬೇಡಿ. ಅಂದು ಚಿತ್ರ ನೋಡಿಹೋದ ವಾಸ್ತುಶಿಲ್ಪಿಯೋ ಶಾಲೆಯ ಆಡಳಿತದವರೋ ಆರು ತಿಂಗಳ ನಂತರ ಕರೆ ಮಾಡುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಸಂದರ್ಶಕರ ಪುಸ್ತಕದಲ್ಲಿ ಹೆಸರಿನ ಜೊತೆ ಫೋನ್ ಸಂಖ್ಯೆ ಬರೆಯಲು ಜಾಗ ಬಿಡಿ, ಬರೆದವರಿಗೆ ಮುಂದಿನ ಪ್ರದರ್ಶನದ ಆಹ್ವಾನ ತಪ್ಪದೆ ಕಳಿಸಿ.

ಕಡಿಮೆ ಬಾಡಿಗೆಯ ಸಾರ್ವಜನಿಕ ಜಾಗಗಳ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಮುಂಬಯಿಯಲ್ಲಿ 1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಕಟ್ಟಲು ಸರ್ ಕಾವಸ್‌ಜೀ ಜಹಾಂಗೀರರನ್ನು ಪ್ರೇರೇಪಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಅವರ ಜೊತೆಗೆ ಉಡುಪಿ ಬಳಿಯ ನಮ್ಮ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರೂ ಇದ್ದರು. ತನ್ನ ಚಿತ್ರ ಮಾರಾಟವಾಗುವುದಕ್ಕಿಂತ ಎಲ್ಲರ ಚಿತ್ರಗಳಿಗೂ ಒಂದು ಗೋಡೆ ಇರುವುದು ಮುಖ್ಯ ಎಂದು ಆ ದೊಡ್ಡ ಕಲಾವಿದರು ತಿಳಿದಿದ್ದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಪ್ರಸ್ತಾಪ ಬಂದಾಗ 2016ರಲ್ಲಿ ನಮ್ಮ ಕಲಾವಿದರು ಬೀದಿಗಿಳಿದದ್ದೂ ಇದೇ ಕಾರಣಕ್ಕೆ: ಹೆಸರಿಲ್ಲದ ಹುಡುಗನೊಬ್ಬ ತನ್ನ ಮೊದಲ ಚಿತ್ರಗಳನ್ನು ಅಲ್ಲಿ ತೂಗುಹಾಕಬಹುದಾಗಿತ್ತು. ಇಂಥ ಜಾಗಗಳು ಜಿಲ್ಲೆಗೊಂದಾದರೂ ಇರಬೇಕು ಎಂದು ಕೇಳುವುದು ಭಿಕ್ಷೆಯಲ್ಲ, ನಮ್ಮ ಹಕ್ಕು.

ಪ್ರಶ್ನೆ: ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳನ್ನು ಬರೆಯುತ್ತೇನೆ. ಫೋಟೋ ಕಳಿಸಿದರೆ ಗ್ರಾಹಕರು ಚಿನ್ನ ಮಂಕಾಗಿದೆ, ಹಳದಿ ಬಣ್ಣ ಬಳಿದಂತಿದೆ ಎನ್ನುತ್ತಾರೆ. ಚಿತ್ರಸಂತೆಗೆ ಹೋದರೆ ಚಿತ್ರ ಮೆಚ್ಚುತ್ತಾರೆ, ಆದರೆ ತರಕಾರಿಯಂತೆ ಚೌಕಾಸಿ ಮಾಡುತ್ತಾರೆ. ಎರಡರಲ್ಲಿ ಯಾವುದು ಮೇಲು? (ಮೈಸೂರಿನ ಓದುಗರು)

ನಿಮ್ಮ ಕೆಲಸಕ್ಕೆ ಎದುರಿಗೇ ತೋರಿಸುವುದೇ ಮೇಲು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಮೈಸೂರು ಶೈಲಿಯ ಸೊಗಸು ಅದರ ತೆಳುವಾದ ಜೆಸ್ಸೊ (ಚಿನ್ನದ ರೇಕಿನಡಿ ಉಬ್ಬುಗೆರೆ ಎಳೆಯುವ ಲೇಪ) ಉಬ್ಬಿನಲ್ಲಿದೆ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಎದ್ದು ನಿಲ್ಲುತ್ತದೆ, ಕಲ್ಲುಗಳು ಹೊಳೆಯುತ್ತವೆ, ಫೋಟೋದಲ್ಲೂ ಅಷ್ಟಿಷ್ಟು ಕಾಣುತ್ತದೆ. ನಮ್ಮಲ್ಲಿ ಆಭರಣದ ಎಳೆ, ಸೀರೆಯ ಅಂಚು, ಪ್ರಭಾವಳಿಯ ಬಳ್ಳಿ ಇವೆಲ್ಲ ಕೂದಲೆಳೆಯಷ್ಟು ಮಾತ್ರ ಮೇಲೆದ್ದಿರುತ್ತವೆ. ಅದರ ಮೇಲೆ ಕೂರಿಸಿದ ಚಿನ್ನದ ರೇಕು ನೋಡುವವರು ತುಸು ಸರಿದಾಗ ಮಿನುಗುತ್ತದೆ, ಮತ್ತೆ ಶಾಂತವಾಗುತ್ತದೆ. ಕ್ಯಾಮೆರಾ ಒಂದು ಕೋನದಿಂದ ಒಂದು ಕ್ಷಣವನ್ನು ಹಿಡಿಯುತ್ತದೆ, ಆ ಕ್ಷಣದಲ್ಲಿ ಚಿನ್ನ ಕಂದು ಹಳದಿಯಾಗಿಬಿಡುತ್ತದೆ. ಫೋಟೋ ಕಳಿಸಲೇಬೇಕಾದಾಗ ಕಿಟಕಿಯ ಪಕ್ಕದ ಬೆಳಕಿನಲ್ಲಿ ಚಿತ್ರವನ್ನು ನಿಧಾನವಾಗಿ ಓಲಾಡಿಸಿ ಒಂದು ಚಿಕ್ಕ ವಿಡಿಯೊ ಮಾಡಿ ಕಳಿಸಿ, ನಿಶ್ಚಲ ಚಿತ್ರಕ್ಕಿಂತ ಅದು ವಾಸಿ.

ಚೌಕಾಸಿಯ ನೋವು ನನಗೆ ಅರ್ಥವಾಗುತ್ತದೆ. ವಾರಗಟ್ಟಲೆ ಬಾಗಿ ಕುಳಿತು ಮಾಡಿದ ಕೆಲಸಕ್ಕೆ ಅರ್ಧ ಬೆಲೆ ಕೇಳಿದರೆ ಯಾರಿಗೂ ಸಂಕಟವಾಗುತ್ತದೆ. ಆದರೆ ಚಿತ್ರಸಂತೆಯಲ್ಲಿ ಕಲಾವಿದರೂ ಕೊಳ್ಳುವವರೂ ನೇರವಾಗಿ ಮಾತನಾಡುತ್ತಾರೆ, ನಡುವೆ ಮಧ್ಯವರ್ತಿ ಇಲ್ಲ. ಬೆಲೆ ಏಕೆ ಇಷ್ಟು ಎಂದು ತಿಳಿಸುವ ಅಪೂರ್ವ ಅವಕಾಶವೂ ಅದೇ. ಜೆಸ್ಸೊ ಎಳೆದು ರೇಕು ಕೂರಿಸದ ಒಂದು ಚಿಕ್ಕ ಫಲಕ, ಅರ್ಧ ರೇಕು ಕೂರಿಸಿದ ಇನ್ನೊಂದು, ಪೂರ್ತಿಯಾದ ಮತ್ತೊಂದು ಹೀಗೆ ಮೂರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಕೆಲಸದ ಹಂತಗಳನ್ನು ಕಣ್ಣಾರೆ ಕಂಡ ಮೇಲೆ ಚೌಕಾಸಿ ಮಾಡುವವರ ದನಿ ತಾನಾಗಿಯೇ ತಗ್ಗುತ್ತದೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ 2005ರಲ್ಲೇ ಭೌಗೋಳಿಕ ಸೂಚಕದ (ಜಿಐ), ಅಂದರೆ ಈ ಪ್ರದೇಶದ್ದೇ ವಿಶಿಷ್ಟ ಕೆಲಸವೆಂಬ ಮಾನ್ಯತೆ ದೊರೆತಿದೆ ಎಂಬುದನ್ನೂ ಅಲ್ಲಿ ಬರೆದು ಹಾಕಿ. ಬೆಲೆಯನ್ನು ಬರಹದಲ್ಲಿ ಅಂಟಿಸಿ. ಫೋನಿನಲ್ಲಿ ಹೇಳುವ ಬೆಲೆ, ಸಂತೆಯಲ್ಲಿ ಹೇಳುವ ಬೆಲೆ ಒಂದೇ ಇರಲಿ. ಸಂಜೆಯಾಯಿತೆಂದು ಬೆಲೆ ಇಳಿಸಿದರೆ ಬೆಳಿಗ್ಗೆ ಪೂರ್ತಿ ಹಣ ಕೊಟ್ಟವರಿಗೆ ಅನ್ಯಾಯವಾಗುತ್ತದೆ. ಹಣ ಕಡಿಮೆ ಇರುವ ನಿಜವಾದ ಅಭಿಮಾನಿಗಳಿಗಾಗಿ ಪುಟ್ಟ ಗಾತ್ರದ ಮೂಲಚಿತ್ರಗಳನ್ನೇ ಬೇರೆಯಾಗಿ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ದೃಶ್ಯಕಲೆ ಓದುತ್ತಿರುವ ವಿದ್ಯಾರ್ಥಿನಿ. ರಾಷ್ಟ್ರಮಟ್ಟದ ಸಮೂಹ ಪ್ರದರ್ಶನಕ್ಕೆ ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿದರೆ ಪ್ರಮಾಣಪತ್ರ ಮತ್ತು ಪ್ರಶಸ್ತಿ ಫಲಕ ಕೊಡುತ್ತೇವೆ ಎಂಬ ಸಂದೇಶ ಬಂದಿದೆ. ಭಾಗವಹಿಸಲೇ?

ಬೇಡ. ನೀವು ಅರ್ಜಿಯನ್ನೇ ಹಾಕದೆ ಆಯ್ಕೆಯಾಗಿದ್ದರೆ, ಹಣ ಕಟ್ಟಿದ ಪ್ರತಿಯೊಬ್ಬರಿಗೂ ಪ್ರಶಸ್ತಿ ಇದ್ದರೆ, ಅದು ಪ್ರದರ್ಶನವಲ್ಲ, ಪ್ರಮಾಣಪತ್ರದ ಮಾರಾಟ. ಶುಲ್ಕ ಇದ್ದ ಮಾತ್ರಕ್ಕೆ ಎಲ್ಲವೂ ಮೋಸವಲ್ಲ. ಗೌರವಾನ್ವಿತ ಸ್ಪರ್ಧೆಗಳೂ ಪ್ರವೇಶಧನ ಕೇಳುವುದುಂಟು. ಆದರೆ ಆಯ್ಕೆ ಮಾಡಿದವರು ಯಾರು, ಒಬ್ಬೊಬ್ಬರಿಗೆ ಎಷ್ಟು ಅಡಿ ಗೋಡೆ, ಹಿಂದಿನ ಪ್ರದರ್ಶನದ ಸಭಾಂಗಣದ ಫೋಟೋಗಳೆಲ್ಲಿ ಎಂದು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಅದೇ ಉತ್ತರ. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಕಲಾ ಪ್ರದರ್ಶನಕ್ಕೆ ಕೃತಿ ಕಳಿಸಿ. ತಿರಸ್ಕೃತವಾದರೂ ತೀರ್ಪುಗಾರರು ನಿಮ್ಮ ಕೆಲಸವನ್ನು ನೋಡಿರುತ್ತಾರೆ. ನಿಮ್ಮ ಊರು ಹೆಸರಾಂತ ಚಿತ್ರಕಾರ ಎಸ್. ಎಂ. ಪಂಡಿತರ ಊರು. ಕಾಲೇಜಿನ ಪಡಸಾಲೆಯಲ್ಲಿ ಸಹಪಾಠಿಗಳೊಂದಿಗೆ ಮಾಡುವ ಪ್ರದರ್ಶನ ಆ ಫಲಕಕ್ಕಿಂತ ನೂರು ಪಾಲು ಹೆಚ್ಚು ಕಲಿಸುತ್ತದೆ.

ಪ್ರಶ್ನೆ: ಶಿರಸಿಯ ಸುತ್ತ ಗ್ಯಾಲರಿಗಳಿಲ್ಲ. ನಮ್ಮಂಥ ಊರಿನವರು ಎಲ್ಲಿ ಪ್ರದರ್ಶಿಸಬೇಕು, ಹೇಗೆ?

ನಿಮ್ಮ ಊರಿನ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾವಿ ಕಲೆಯ ಚಿತ್ರಗಳಿವೆ. ಸುಣ್ಣದ ಗಾರೆಯ ಬಿಳುಪು, ಕೆಮ್ಮಣ್ಣಿನ ಕೆಂಪು, ಇವೆರಡರಲ್ಲೇ ಇಡೀ ಪುರಾಣಲೋಕವನ್ನು ಮೂಡಿಸಿದ ಆ ಕಲಾವಿದರು ಜನ ಬರುವ ಕಡೆಗೇ ಚಿತ್ರವನ್ನು ಒಯ್ದರು. ನೀವೂ ಅದನ್ನೇ ಮಾಡಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ನಿಮ್ಮ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ಆ ದಿನಗಳಲ್ಲಿ ಪೇಟೆಯ ಒಂದು ಶಾಲೆಯ ಕೊಠಡಿ ಸಿಕ್ಕರೂ ಅಲ್ಲಿಗೆ ಬರುವ ನೋಡುಗರು ಬೆಂಗಳೂರಿನ ಎಷ್ಟೋ ಗ್ಯಾಲರಿಗಳಿಗೆ ಸಿಗಲಾರರು. ಬೇರೆ ದಿನಗಳಲ್ಲಿ ಗ್ರಂಥಾಲಯ, ಸಹಕಾರಿ ಸಂಘದ ಸಭಾಂಗಣ, ಹಳೆಯ ಮನೆಯ ಜಗುಲಿ ಯಾವುದಾದರೂ ಆಗಬಹುದು. ಸ್ವಲ್ಪ ದೂರ ಹೋಗಲು ಸಿದ್ಧರಿದ್ದರೆ ಉಡುಪಿಯ ಅದಿತಿ, ಮಂಗಳೂರಿನ ಪ್ರಸಾದ್ ಆರ್ಟ್ ಗ್ಯಾಲರಿಗಳನ್ನು ವಿಚಾರಿಸಿ ನೋಡಿ.

ಸಾಮಾನ್ಯ ಕೊಠಡಿಯನ್ನು ಗ್ಯಾಲರಿಯಾಗಿಸಲು ಹೆಚ್ಚು ಹಣ ಬೇಡ, ಶಿಸ್ತು ಬೇಕು. ಗೋಡೆಗೆ ಬಿಳಿ ಬಳಿಸಿ ಅಥವಾ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದೆ ಬಿಗಿದು ಕಟ್ಟಿ. ಎಲ್ಲ ಚಿತ್ರಗಳ ನಡುಬಿಂದು ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿ ಒಂದೇ ಸಾಲಿನಲ್ಲಿ ಇರಲಿ, ಅದು ನಿಂತು ನೋಡುವವರ ಕಣ್ಣಿನ ಮಟ್ಟ. ಚಿತ್ರದಿಂದ ಚಿತ್ರಕ್ಕೆ ಧಾರಾಳವಾಗಿ ಜಾಗ ಬಿಡಿ. ಹದಿನೈದು ಚಿತ್ರ ಹಿಡಿಸುವ ಕೋಣೆಯಲ್ಲಿ ಮೂವತ್ತನ್ನು ತುಂಬಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಟ್ಯೂಬ್‌ಲೈಟನ್ನು ಆರಿಸಿ, ಚಿತ್ರದ ಮೇಲೆ ಓರೆಯಾಗಿ ಬೀಳುವಂತೆ ದೀಪಗಳನ್ನು ಜೋಡಿಸಿ. ಗಾಜಿನ ಚೌಕಟ್ಟಿನಲ್ಲಿ ನೋಡುವವರ ಮುಖವೇ ಕಾಣುವಂತಿರಬಾರದು. ಹೆಸರುಚೀಟಿಯಲ್ಲಿ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಬೆಲೆ ಕನ್ನಡದಲ್ಲಿ ಸ್ಪಷ್ಟವಾಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬಾಗಿಲು ತೆರೆದಿರುವಷ್ಟು ಹೊತ್ತೂ ನೀವು ಅಲ್ಲಿರಬೇಕು. ಉದ್ಘಾಟನೆಯ ದಿನ ಅತಿಥಿಗಳ ಭಾಷಣಕ್ಕೆ ಎರಡು ಗಂಟೆ ಕೊಟ್ಟು ಮರುದಿನದಿಂದ ಕಾವಲುಗಾರನೊಬ್ಬನನ್ನೇ ಬಿಟ್ಟುಹೋದ ಪ್ರದರ್ಶನಗಳನ್ನು ಬಹಳ ಕಂಡಿದ್ದೇನೆ. ಅದು ಬಂದ ನೋಡುಗರಿಗೆ ಮಾಡುವ ಅಗೌರವ.

ಪ್ರಶ್ನೆ: ಪ್ರದರ್ಶನದಲ್ಲಿ ಜನ ಚಿತ್ರಗಳ ಫೋಟೋ ತೆಗೆಯುತ್ತಾರೆ. ಚಿತ್ರ ಕೊಂಡವರು ಅದನ್ನು ಕ್ಯಾಲೆಂಡರಿಗೆ ಬಳಸಬಹುದೇ? (ತುಮಕೂರಿನ ಓದುಗರು)

ಫೋಟೋ ತೆಗೆಯಲು ಬಿಡಿ, ನಿಮ್ಮ ಹೆಸರಿನೊಂದಿಗೆ ಹಂಚಿಕೊಳ್ಳಲು ಕೋರುವ ಒಂದು ಫಲಕ ಹಾಕಿ. ಕ್ಯಾಲೆಂಡರಿನ ವಿಷಯ ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರವನ್ನು ಕೊಂಡವರಿಗೆ ಆ ವಸ್ತು ಸೇರುತ್ತದೆ, ಅದನ್ನು ಅಚ್ಚು ಹಾಕುವ ಹಕ್ಕು ಸೇರುವುದಿಲ್ಲ. ಆ ಹಕ್ಕನ್ನು ನೀವು ಸಹಿ ಮಾಡಿದ ಬರಹದಲ್ಲಿ ವರ್ಗಾಯಿಸಿದ್ದರೆ ಮಾತ್ರ ಕೊಟ್ಟಂತೆ. ಯಾರಾದರೂ ಹಣ ಕೊಟ್ಟು ತಮ್ಮ ಭಾವಚಿತ್ರ ಬರೆಸಿಕೊಂಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಆ ಹಕ್ಕು ಬರೆಸಿಕೊಂಡವರದೇ ಆಗುತ್ತದೆ ಎಂಬುದು ನೆನಪಿರಲಿ. ಮಾರಾಟದ ರಸೀದಿಯಲ್ಲೇ ‘ಮರುಮುದ್ರಣದ ಹಕ್ಕು ಕಲಾವಿದರದ್ದು’ ಎಂದು ಒಂದು ಸಾಲು ಬರೆಯಿರಿ.

ಪ್ರಶ್ನೆ: ನಾನು ಕಲಾವಿದನಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಗ್ಯಾಲರಿಯೊಳಗೆ ಹೋಗಲು ಸಂಕೋಚವಾಗುತ್ತದೆ. ಏನು ಕೇಳಬೇಕೆಂದು ತಿಳಿಯುವುದಿಲ್ಲ. ಒಂದು ಚಿತ್ರ ಕೊಳ್ಳುವ ಆಸೆಯಿದೆ. (ಶಿವಮೊಗ್ಗದ ಓದುಗರು)

ನಿಮ್ಮ ಪತ್ರ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು, ಏಕೆಂದರೆ ಮೇಲಿನ ಎಲ್ಲ ಪತ್ರಗಳವರೂ ಕಾಯುತ್ತಿರುವುದು ನಿಮಗಾಗಿ. ಪ್ರವೇಶಕ್ಕೆ ಹೆಚ್ಚಿನ ಗ್ಯಾಲರಿಗಳಲ್ಲಿ ಹಣವಿಲ್ಲ, ಕೊಳ್ಳಬೇಕೆಂಬ ಒತ್ತಾಯವಿಲ್ಲ. ಮೊದಲು ಒಂದು ಸುತ್ತು ಎಲ್ಲವನ್ನೂ ನೋಡಿ, ಎರಡನೆಯ ಸುತ್ತಿನಲ್ಲಿ ಕಾಲು ತಾನಾಗಿ ನಿಂತಲ್ಲಿ ನಿಲ್ಲಿ. ಕಲಾವಿದರು ಅಲ್ಲೇ ಇದ್ದರೆ ಇದರ ಅರ್ಥವೇನು ಎಂದು ಕೇಳುವ ಬದಲು ಇದನ್ನು ಎಲ್ಲಿಂದ ಶುರು ಮಾಡಿದಿರಿ ಎಂದು ಕೇಳಿ. ಮಾತು ಸಲೀಸಾಗಿ ಹರಿಯುತ್ತದೆ. ಕೊಳ್ಳುವ ಮುನ್ನ ಮರುದಿನ ಮತ್ತೊಮ್ಮೆ ಹೋಗಿ ನೋಡಿ, ಆಗಲೂ ಬೇಕೆನಿಸಿದರೆ ಕೊಳ್ಳಿ. ಕೃತಿಯ ಹೆಸರು, ಮಾಧ್ಯಮ, ವರ್ಷ, ಕಲಾವಿದರ ಸಹಿ ಇರುವ ರಸೀದಿಯನ್ನು ಪಡೆಯಿರಿ. ಮನೆಯಲ್ಲಿ ನೇರ ಬಿಸಿಲು ಬೀಳದ ಗೋಡೆಯನ್ನು ಆರಿಸಿಕೊಳ್ಳಿ. ನಿಮ್ಮದು ಮಲೆನಾಡಿನ ಬಾಗಿಲಿನ ಊರು; ಮಳೆಗಾಲದಲ್ಲಿ ತೇವ ಕುಡಿಯುವ ಹೊರಗೋಡೆಗೆ ಕಾಗದದ ಮೇಲಿನ ಚಿತ್ರವನ್ನು ತೂಗುಹಾಕಬೇಡಿ, ಒಳಗೋಡೆಯಲ್ಲಾದರೂ ಚೌಕಟ್ಟಿನ ಹಿಂದೆ ಎರಡು ಪುಟ್ಟ ಬಿರಡೆ ಅಂಟಿಸಿ ಗಾಳಿಯಾಡಲು ಜಾಗ ಬಿಡಿ.